ಕೊಳಗವೂ ಶಾಂತಿಯೂ

ಕಲಹವಿಲ್ಲದಿರುವುದೇ ಶಾಂತಿಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಊರಿನಲ್ಲಿ ಕೂಗಾಟವಿಲ್ಲ, ಕಚೇರಿಗೆ ದೂರು ಹೋಗಿಲ್ಲ, ಗೇಣಿದಾರನು ಒಡೆಯನ ಮುಂದೆ ತಲೆಬಾಗಿ ನಿಂತಿದ್ದಾನೆ. ಆದುದರಿಂದ ಎಲ್ಲವೂ ನೆಮ್ಮದಿಯಾಗಿದೆಯೆಂದು ಹೇಳಿಬಿಡುತ್ತೇವೆ. ಆದರೆ ಬಾಯಿ ಮುಚ್ಚಿರುವುದು ಬೇರೆ, ಮನಸ್ಸು ತಣಿದಿರುವುದು ಬೇರೆ. ಹಸಿದವನ ಮೌನವನ್ನು ಶಾಂತಿಯೆಂದು ಕರೆಯಬಹುದೇ? ಭೂಮಿಯನ್ನು ನಂಬಿ ಬಾಳುವ ನಾಡಿನಲ್ಲಿ ಪ್ರತಿಯೊಬ್ಬ ಸದ್ಗೃಹಸ್ಥನೂ ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಕಾಗೋಡು ಎಂಬುದೊಂದು ಸಣ್ಣ ಗ್ರಾಮ. 1951ರ ಏಪ್ರಿಲ್ ತಿಂಗಳಲ್ಲಿ ಅಲ್ಲಿಯ ಗೇಣಿದಾರರು ಸತ್ಯಾಗ್ರಹ ಹೂಡಿದರು. ಅವರ ಮೊದಲ ದೂರು ಭೂಮಿಯ ಒಡೆತನವನ್ನು ಕುರಿತದ್ದಲ್ಲ, ಗೇಣಿಯ ಭತ್ತವನ್ನು ಅಳೆಯುವ ಕೊಳಗವನ್ನು ಕುರಿತದ್ದು. ನ್ಯಾಯವಾದ ಅಳತೆಗಿಂತ ದೊಡ್ಡ ಕೊಳಗದಿಂದ ಧಾನ್ಯವನ್ನು ಅಳೆದುಕೊಳ್ಳುತ್ತಾರೆಂಬುದೇ ಅವರ ಸಂಕಟವಾಗಿತ್ತು. ಪ್ರಶ್ನಿಸಿದವರನ್ನು ಗದ್ದೆಯಿಂದ ಬಿಡಿಸಲಾಯಿತು. ಅವರು ನೇಗಿಲು ಹೊತ್ತು ಮತ್ತೆ ಗದ್ದೆಗಿಳಿದು ಸೆರೆಮನೆ ಸೇರಿದರು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು. ಸಮಾಜವಾದಿಗಳು ಬೆಂಬಲಕ್ಕೆ ನಿಂತರು. ಜೂನ್ ತಿಂಗಳಲ್ಲಿ ಅಲ್ಲಿಗೆ ಬಂದ ಡಾ. ರಾಮಮನೋಹರ ಲೋಹಿಯಾ ಅವರೂ ಬಂಧಿತರಾದರು. ಎಷ್ಟೋ ವರ್ಷಗಳ ಮೌನವನ್ನು ಶಾಂತಿಯೆಂದು ತಿಳಿದವರಿಗೆ, ಅದರೊಳಗೆ ಹೂತಿದ್ದ ಕೆಂಡ ಆಗ ಕಾಣಿಸಿತು.

ಅದೇ ಏಪ್ರಿಲ್ ತಿಂಗಳ 18ರಂದು ತೆಲಂಗಾಣದ ಅಂದಿನ ನಲಗೊಂಡ ಜಿಲ್ಲೆಯ ಪೋಚಂಪಲ್ಲಿಯಲ್ಲಿ ಮತ್ತೊಂದು ಘಟನೆ ನಡೆಯಿತು. 1946ರಿಂದ ಆ ಸೀಮೆಯಲ್ಲಿ ಭೂಮಿಗಾಗಿ ರಕ್ತ ಹರಿದಿತ್ತು. ಕಾಲ್ನಡಿಗೆಯಲ್ಲಿ ಬಂದ ವಿನೋಬಾ ಭಾವೆಯವರ ಮುಂದೆ ಊರ ದಲಿತರು 80 ಎಕರೆ ಭೂಮಿಯನ್ನು ಬೇಡಿದಾಗ, ರಾಮಚಂದ್ರ ರೆಡ್ಡಿಯವರು ತಾವಾಗಿಯೇ 100 ಎಕರೆಯನ್ನು ಕೊಡಲು ಮುಂದಾದರು. ಭೂದಾನ ಚಳವಳಿ ಅಲ್ಲಿಂದ ಹುಟ್ಟಿತು.

ಹಾಗಾದರೆ ಶಾಂತಿಗೆ ದಾರಿ ಯಾವುದು? ಕೊಡುವವನ ದಾನವೋ, ಅರಸೊತ್ತಿಗೆಯ ಕಾಯಿದೆಯೋ? ದಾನವು ಮನಸ್ಸನ್ನು ಬದಲಿಸುತ್ತದೆ; ಆದರೆ ದಾನಿಯ ಮನಸ್ಸಿಗಾಗಿ ಉಳುವವನು ಎಷ್ಟು ಕಾಲ ಕಾಯಬೇಕು? ಭೂದಾನದಲ್ಲಿ ಬಂದ ಭೂಮಿಯಲ್ಲಿ ಬಹುಭಾಗ ಸಾಗುವಳಿಗೆ ಬಾರದ್ದಾಗಿತ್ತು, ಎಷ್ಟೋ ಭಾಗ ಹಂಚಿಕೆಯೇ ಆಗಲಿಲ್ಲ. ಆದುದರಿಂದ ಕಾಯಿದೆಯೂ ಬೇಕಾಯಿತು. ನಮ್ಮ ರಾಜ್ಯದಲ್ಲಿ 1961ರ ಭೂಸುಧಾರಣಾ ಕಾಯಿದೆಯು ದೇವರಾಜ ಅರಸರ ಕಾಲದ 1974ರ ತಿದ್ದುಪಡಿಯಿಂದ ಬಲಗೊಂಡಿತು. ಗೇಣಿಯ ಭೂಮಿ ಸರಕಾರಕ್ಕೆ ಸೇರಿ, ಭೂ ನ್ಯಾಯಮಂಡಳಿಗಳ ಮೂಲಕ ಉಳುವವನಿಗೆ ಹಕ್ಕು ದೊರೆಯುವಂತಾಯಿತು. ಬಂದೂಕಿಲ್ಲದೆ ಇಷ್ಟು ದೊಡ್ಡ ಬದಲಾವಣೆಯಾದುದು ಸಣ್ಣ ಮಾತಲ್ಲ.

ಆದರೂ ಕಾಯಿದೆಗೆ ಕಣ್ಣುಂಟು, ಕರುಳಿಲ್ಲ. ಒಂದೆರಡು ಎಕರೆಯ ಗೇಣಿಯಿಂದಲೇ ಹೊಟ್ಟೆ ಹೊರೆಯುತ್ತಿದ್ದ ವಿಧವೆಯೂ ದೊಡ್ಡ ಒಡೆಯನೂ ಅದಕ್ಕೆ ಒಂದೇ ಆಗಿ ಕಂಡರು. ಗೇಣಿಯ ಹಕ್ಕೂ ಇಲ್ಲದ ಕೂಲಿಯಾಳು ಬಹುಮಟ್ಟಿಗೆ ಬರಿಗೈಯಲ್ಲೇ ಉಳಿದನು. ಕಾಯಿದೆ ಕೈಮುಟ್ಟದ ಇಂಥ ಎಡೆಯಲ್ಲಿಯೇ ಗೃಹಸ್ಥನ ಧರ್ಮ ಆರಂಭವಾಗುತ್ತದೆ.

ಶರಣರು ಕಾಯಕವನ್ನೂ ದಾಸೋಹವನ್ನೂ ಜೊತೆಜೊತೆಯಾಗಿ ಬೋಧಿಸಿದುದರ ಮರ್ಮ ಇಲ್ಲಿದೆ. ಅನ್ಯರ ಬೆವರನ್ನು ತಪ್ಪು ಕೊಳಗದಿಂದ ಅಳೆದು ತಂದ ಧಾನ್ಯದಿಂದ ದಾಸೋಹ ನಡೆಸಿದರೆ ಅದು ದಾಸೋಹವಾಗಲಾರದು. ದಾನವು ನ್ಯಾಯದ ಬಾಕಿಯನ್ನು ತೀರಿಸದು. ಬಾಕಿ ತೀರಿದ ಮೇಲೆ ಕೊಟ್ಟದ್ದೇ ದಾನ.

ಸದ್ಭಕ್ತರೇ, ಇಂದು ಭತ್ತ ಅಳೆಯುವ ಕೊಳಗ ಅಟ್ಟ ಸೇರಿರಬಹುದು. ಆದರೆ ಕೂಲಿಯ ಲೆಕ್ಕದಲ್ಲಿ, ಬದುವಿನ ಗೆರೆಯಲ್ಲಿ, ಕಾಲುವೆಯ ಕೊನೆಯ ಹೊಲಕ್ಕೆ ಮುಟ್ಟಬೇಕಾದ ನೀರಿನಲ್ಲಿ, ಬಾಯಿಮಾತಿನ ಗುತ್ತಿಗೆಯಲ್ಲಿ ಅದು ಇನ್ನೂ ಇದೆ. ದೇಶದ ಶಾಂತಿಯನ್ನು ಕುರಿತು ಮಾತನಾಡುವ ಮೊದಲು ನಮ್ಮ ಮನೆಯ ಕೊಳಗವನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡೋಣ.