ಸಭೆಯಲ್ಲಿ ಮೌನ ಎಂದರೆ ಒಪ್ಪಿಗೆ

☸️ *ದಿನಕ್ಕೊಂದು ಧಮ್ಮ ಚಿಂತನೆ* ☸️



ಇವತ್ತು ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಹುಂಚದ ಸುತ್ತಿನ ಹಳ್ಳಿಯವರಿಗೆ ಕಾಲುಸಂಕ ಅಂದರೆ ಏನೆಂದು ಹೇಳಬೇಕಿಲ್ಲ. ನಮ್ಮ ಕೇರಿಗೂ ಸ್ಮಶಾನಕ್ಕೂ ನಡುವೆ ಒಂದು ಹಳ್ಳ ಇದೆ. ಬೇಸಿಗೆಯಲ್ಲಿ ಪಾದ ನೆನೆಯುವುದಿಲ್ಲ, ಮಳೆಗಾಲದಲ್ಲಿ ಸೊಂಟದವರೆಗೆ ನೀರು. ಅಲ್ಲೊಂದು ಕಾಲುಸಂಕ ಬೇಕೆಂದು ವಾರ್ಡ್ ಸಭೆಯಲ್ಲಿ ಬರೆಸಿದ್ದೆವು. ಆಮೇಲೆ ಗ್ರಾಮಸಭೆ ಬಂತು. ಅಡಿಕೆ ಕೊಯ್ಲಿನ ಸಮಯ. ನಾನು ಹೋದೆ, ಹಾಜರಿ ಪುಸ್ತಕಕ್ಕೆ ರುಜು ಹಾಕಿದೆ, ಹಿಂದಿನ ಸಾಲಿನಲ್ಲಿ ಕೂತೆ. ಕಾಮಗಾರಿ ಪಟ್ಟಿ ಓದಿದರು. ನಮ್ಮ ಕಾಲುಸಂಕ ಅದರಲ್ಲಿ ಇರಲಿಲ್ಲ. "ಯಾರದ್ದಾದರೂ ಆಕ್ಷೇಪ ಇದೆಯಾ?" ಎಂದು ಕೇಳಿದರು. ಏಳಬೇಕು ಅನ್ನಿಸಿತು. ಆದರೆ ನನಗೆ ಕೆಲಸ ಕೊಡುವ ತೋಟದವರು ಮುಂದೆಯೇ ಕೂತಿದ್ದರು. ಬಾಯಿ ಒಣಗಿತು. ಸಭೆ ಮುಗಿಯುವ ಮೊದಲೇ ಎದ್ದು ಕೆಲಸಕ್ಕೆ ಹೋದೆ.

ಆಷಾಢದಲ್ಲಿ ನಮ್ಮ ದೊಡ್ಡಮ್ಮ ತೀರಿಕೊಂಡರು. ನಾಲ್ಕು ಜನ ಹೊತ್ತು ಹಳ್ಳಕ್ಕೆ ಇಳಿದೆವು. ನಡುನೀರಿನಲ್ಲಿ ಒಬ್ಬನ ಕಾಲು ಜಾರಿತು, ಚಟ್ಟ ವಾಲಿತು. ಹೇಗೋ ದಡ ಸೇರಿದೆವು. ಅಕ್ಕನ ಮಗಳು ಕೇಳಿದಳು: "ಮಾವ, ಸಭೆಗೆ ನೀವು ಹೋಗಿದ್ರಲ್ಲ, ಸಂಕದ ಮಾತು ಯಾರೂ ಎತ್ತಲಿಲ್ವಾ?"

ಪಂಚಾಯಿತಿಯವರನ್ನು ಬೈಯೋಣ ಎಂದರೆ ನಡವಳಿ ಪುಸ್ತಕದಲ್ಲಿ "ಸರ್ವಾನುಮತದಿಂದ" ಎಂದಿದೆ. ಆ ಸರ್ವರಲ್ಲಿ ನಾನೂ ಒಬ್ಬ.

ಬಂಧುಗಳೇ, ಭಗವಾನ್ ಬುದ್ಧರ ಸಂಘದಲ್ಲಿ ಇದಕ್ಕೆ ಸ್ಪಷ್ಟ ನಿಯಮವಿತ್ತು. ಒಂದು ವಿಷಯ ನಿರ್ಣಯವಾಗಬೇಕಾದರೆ ಮೊದಲು ಅದನ್ನು ಸಂಘದ ಮುಂದೆ ಇಡಬೇಕು. ಇದಕ್ಕೆ ಪಾಲಿಯಲ್ಲಿ ಞತ್ತಿ ಎನ್ನುತ್ತಾರೆ. ಉಪಸಂಪದೆಯಂತಹ ದೊಡ್ಡ ವಿಷಯವಾದರೆ ಆಮೇಲೆ ಮೂರು ಸಲ ಘೋಷಿಸಿ ಕೇಳಬೇಕು. ಒಪ್ಪದವರು ಮಾತಾಡಬೇಕು, ಸುಮ್ಮನಿದ್ದರೆ ಒಪ್ಪಿದ ಹಾಗೆ. ಕಾಯಿಲೆಯಿಂದ ಬರಲಾಗದ ಭಿಕ್ಖು ಕೂಡ ತನ್ನ ಸಮ್ಮತಿಯನ್ನು ಇನ್ನೊಬ್ಬರ ಮೂಲಕ ಕಳಿಸಬೇಕಿತ್ತು. ಒಮ್ಮತ ಬಾರದ ವ್ಯಾಜ್ಯದಲ್ಲಿ ಸಲಾಕೆ ಎಂಬ ಕಡ್ಡಿಗಳನ್ನು ಹಂಚಿ ಮತ ಎಣಿಸುತ್ತಿದ್ದರು.

ಧ್ಯಾನದ ಮೌನವನ್ನು ನಾವು ಕಲಿತಿದ್ದೇವೆ. ಸಭೆಯ ಮೌನ ಬೇರೆ. ಅದು ರುಜು ಹಾಕಿದ ಹಾಗೆ.

ಮಗಧದ ಅಜಾತಶತ್ರು ವಜ್ಜಿಗಳ ಮೇಲೆ ಯುದ್ಧಕ್ಕೆ ಹೊರಟಾಗ ಭಗವಾನರು ಆನಂದರನ್ನು ಕೇಳಿದ ಮೊದಲ ಪ್ರಶ್ನೆ ವಜ್ಜಿಗಳ ಸೈನ್ಯದ ಬಗ್ಗೆ ಅಲ್ಲ. ಅವರು ಆಗಾಗ, ಹೆಚ್ಚು ಸಂಖ್ಯೆಯಲ್ಲಿ ಸಭೆ ಸೇರುತ್ತಾರೆಯೇ ಎಂದು. ಎರಡನೆಯದು, ಒಟ್ಟಾಗಿ ಕೂತು ಒಟ್ಟಾಗಿ ಏಳುತ್ತಾರೆಯೇ ಎಂದು. ನಾನು ನಡುವೆಯೇ ಎದ್ದು ಬಂದವನು.

ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಹೊಗಳಲು ಒಪ್ಪಲಿಲ್ಲ. ಹಳ್ಳಿ ನಮ್ಮನ್ನು ಹೇಗೆ ಇಟ್ಟಿತ್ತೆಂದು ಅವರಿಗೆ ಗೊತ್ತಿತ್ತು. ಹಳ್ಳಿಯ ಬದಲು ವ್ಯಕ್ತಿಯನ್ನೇ ಸಂವಿಧಾನದ ಘಟಕ ಮಾಡಿದ್ದಕ್ಕೆ ಸಂತೋಷಪಟ್ಟರು. ಮರುವರ್ಷ ನವೆಂಬರ್ 25ರಂದು ಅದೇ ಸಭೆಯಲ್ಲಿ, ಸಭೆ ನಡೆಸುವ ಕ್ರಮ, ಠರಾವು, ಕೋರಂ, ಮತ ಎಣಿಕೆ ಎಲ್ಲವೂ ಭಿಕ್ಖು ಸಂಘಕ್ಕೆ ತಿಳಿದಿತ್ತೆಂದು ನೆನಪಿಸಿದರು. ಈ ದೇಶ ಒಮ್ಮೆ ಅದನ್ನು ಕಳೆದುಕೊಂಡಿತು, ಮತ್ತೆ ಕಳೆದುಕೊಳ್ಳುತ್ತದೆಯೇ ಎಂಬುದು ಅವರ ಆತಂಕ.

1993ರ ಏಪ್ರಿಲ್ 24ರಿಂದ ಜಾರಿಗೆ ಬಂದ 73ನೇ ತಿದ್ದುಪಡಿಯಿಂದ ಪಂಚಾಯಿತಿಯಲ್ಲಿ ನಮ್ಮ ಜನಸಂಖ್ಯೆಗೆ ತಕ್ಕ ಸೀಟುಗಳಿವೆ. ಗ್ರಾಮಸಭೆಯಲ್ಲಂತೂ ಗೆಲ್ಲುವುದೂ ಬೇಕಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು, ಪರಿಶಿಷ್ಟರೂ ಮಹಿಳೆಯರೂ ಹಾಜರಿರಬೇಕು ಎಂದು ನಮ್ಮ ರಾಜ್ಯದ ಕಾನೂನು ಹೇಳುತ್ತದೆ. ಅವತ್ತು ಆ ಲೆಕ್ಕ ತುಂಬಲು ನನ್ನ ರುಜು ಉಪಯೋಗವಾಯಿತು, ನಮ್ಮ ಕೇರಿಗೆ ಉಪಯೋಗವಾಗಲಿಲ್ಲ.

ಹುಂಚದಲ್ಲಿ ಸಾಂತರ ಅರಸರ ಶಾಸನಗಳಿವೆ. ಯಾರು ಯಾರಿಗೆ ಏನು ಕೊಟ್ಟರೆಂದು ಕಲ್ಲಿನಲ್ಲಿ ಕೊರೆದಿದ್ದಾರೆ. ಅಂಥ ಕಲ್ಲಿನಲ್ಲಿ ನಮ್ಮ ಹಿರಿಯರ ಮಾತನ್ನು ನಾನು ಕಂಡಿಲ್ಲ. ಇವತ್ತು ನಡವಳಿ ಪುಸ್ತಕದಲ್ಲಿ ನಮ್ಮ ಮಾತು ಬರೆಸುವ ಹಕ್ಕಿದೆ. ಆ ಹಕ್ಕನ್ನು ನಾನು ಹಿಂದಿನ ಸಾಲಿನಲ್ಲಿ ಬಿಟ್ಟು ಬಂದಿದ್ದೆ.

ಮುಂದಿನ ಗ್ರಾಮಸಭೆಗೆ ಕೇರಿಯಿಂದ ಎಂಟು ಜನ ಒಟ್ಟಿಗೆ ಹೋದೆವು, ಮುಂದಿನ ಸಾಲಿನಲ್ಲೇ ಕೂತೆವು. ಪಟ್ಟಿ ಓದಿದಾಗ ನಾನು ಎದ್ದೆ. ಧ್ವನಿ ನಡುಗಿತು. ಪಕ್ಕದಲ್ಲಿ ಅಕ್ಕನ ಮಗಳೂ ಎದ್ದು ನಿಂತಳು. "ಕಾಲುಸಂಕದ ವಿಷಯ ನಡವಳಿಯಲ್ಲಿ ಬರೆಯಿರಿ, ಬರೆದದ್ದನ್ನು ಓದಿ ಹೇಳಿ" ಎಂದೆ. ಬರೆದರು, ಓದಿದರು. ಸಂಕ ಇನ್ನೂ ಆಗಿಲ್ಲ. ಈ ಸಲ ಕೇಳಲು ನಮ್ಮ ಕೈಯಲ್ಲಿ ಒಂದು ಬರಹವಿದೆ.

*ಇಂದಿನ ಅಭ್ಯಾಸ:* ನಿಮ್ಮೂರಿನ ಮುಂದಿನ ವಾರ್ಡ್ ಸಭೆ, ಗ್ರಾಮಸಭೆ ಯಾವಾಗ ಎಂದು ಪಿಡಿಓ ಅವರನ್ನು ಕೇಳಿ ತಿಳಿಯಿರಿ. ಒಬ್ಬರೇ ಹೋಗಬೇಡಿ. ಪಟ್ಟಿ ಓದುವಾಗ ಕಿವಿಗೊಡಿ. ಒಪ್ಪಿಗೆ ಇಲ್ಲದಿದ್ದರೆ ಎದ್ದು ಹೇಳಿ, ಬರೆಸಿ, ಸಭೆ ಮುಗಿಯುವವರೆಗೆ ಕೂತಿರಿ.

ಸಾಧು, ಸಾಧು, ಸಾಧು 🙏
ಜೈ ಭೀಮ್, ನಮೋ ಬುದ್ಧಾಯ 💙