ಇಳಿದು ನೋಡದ ತಪ್ಪು

ಆಯುಧಪೂಜೆಯ ದಿನ ನಮ್ಮ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಸಾಲಾಗಿ ನಿಲ್ಲುವ ಕಾರುಗಳನ್ನು ನಾವೆಲ್ಲರೂ ನೋಡಿದ್ದೇವೆ. ಚಕ್ರದ ಕೆಳಗೆ ನಿಂಬೆಹಣ್ಣು, ಬಾನೆಟ್ಟಿನ ಮೇಲೆ ಕುಂಕುಮ. ಎರಡು ವರ್ಷದ ಹಿಂದೆ ನಮ್ಮ ಹುಡುಗನೊಬ್ಬ ಕಾರಿನ ಜೊತೆಗೆ ಇನ್ನೊಂದನ್ನೂ ತಂದಿದ್ದ. ಆಗಷ್ಟೇ ಕೈಗೆ ಬಂದಿದ್ದ ಟ್ರಕ್ ಚಾಲನೆಯ ಲೈಸೆನ್ಸು, ಸಿ.ಡಿ.ಎಲ್. ಅದನ್ನು ಹೂವಿನ ತಟ್ಟೆಯಲ್ಲಿಟ್ಟು ಪೂಜೆ ಮಾಡಿಸಿದ. ನಮ್ಮಲ್ಲಿ ಕೆಲವರು ಮುಖ ಮುಖ ನೋಡಿಕೊಂಡೆವು. ಇಂಜಿನಿಯರ್ ಆಗದಿದ್ದರೆ ಹೋಗಲಿ, ಟ್ರಕ್ಕೇ? ಆ ವಿಚಾರಕ್ಕೆ ಇನ್ನೊಂದು ಲೇಖನವೇ ಬೇಕು.

ಕೆಲವು ವಾರ ತರಬೇತುದಾರರ ಜೊತೆ ಓಡಿಸಿದ ಮೇಲೆ ಕಂಪನಿ ಅವನನ್ನು ಒಬ್ಬನೇ ಕಳಿಸತೊಡಗಿತು. 53 ಅಡಿಯ ಟ್ರೇಲರು, ತುಂಬಿದಾಗ 80,000 ಪೌಂಡಿನವರೆಗೆ, ಅಂದರೆ ಸುಮಾರು 36 ಟನ್ ತೂಕ. ಜನವರಿಯ ಒಂದು ರಾತ್ರಿ, ಹಿಮ ಬೆರೆತ ಮಳೆ, ಟ್ರಕ್ ಸ್ಟಾಪಿನಲ್ಲಿ ಉಳಿದಿದ್ದುದು ಒಂದೇ ಜಾಗ. ಹಿಂದಕ್ಕೆ ತೆಗೆಯುವಾಗ ಟ್ರೇಲರಿನ ಬಾಲ ಪಕ್ಕದ ಟ್ರಕ್ಕಿನ ಮೂತಿಗೆ ತಾಗಿ ಅದರ ಹುಡ್ ಸೀಳಿತು. ಆ ಟ್ರಕ್ಕಿನೊಳಗೆ ಅದರ ಚಾಲಕ ಮಲಗಿದ್ದ. ಯಾರಿಗೂ ಗಾಯವಾಗಲಿಲ್ಲ, ಟೋ ಮಾಡುವ ಪ್ರಸಂಗವೂ ಬರಲಿಲ್ಲ. ಕೆಲಸ ಮಾತ್ರ ಹೋಯಿತು.

ಹುಡುಗ ದೇವಸ್ಥಾನಕ್ಕೆ ಬರುವುದನ್ನು ನಿಲ್ಲಿಸಿದ. ಕೊನೆಗೆ ಒಂದು ಭಾನುವಾರ ತಂದೆಯ ಬಲವಂತಕ್ಕೆ ಬಂದಾಗ, ಊಟದ ಹಾಲಿನಲ್ಲಿ ನಾವು ನಾಲ್ಕು ಜನ ಹಿರಿಯರು ಸುತ್ತ ಕುಳಿತು ಬುದ್ಧಿ ಹೇಳಿದೆವು. "ಹೊಸ ಅರ್ಜಿಯಲ್ಲಿ ಆ ಕಂಪನಿಯ ಹೆಸರೇ ಹಾಕಬೇಡ. ಈಗಷ್ಟೇ ಲೈಸೆನ್ಸ್ ಬಂತು ಅನ್ನು. ಒಂದು ಹುಡ್ ಸೀಳಿದ್ದಕ್ಕೆ ಜೀವನ ಹಾಳು ಮಾಡಿಕೊಳ್ಳುತ್ತಾರೆಯೇ?" ಇದೇ ನಾವು ಯುಗಾದಿ ಕಾರ್ಯಕ್ರಮದಲ್ಲಿ ಮಕ್ಕಳಿಂದ ಹರಿಶ್ಚಂದ್ರನ ನಾಟಕ ಆಡಿಸಿ ಚಪ್ಪಾಳೆ ಹೊಡೆದವರು!

ನಮ್ಮ ಬುದ್ಧಿವಾದ ಪೂರ್ತಿ ನಿರ್ದಯವಾದುದೇನಲ್ಲ. ಹೊಸ ಚಾಲಕರಿಗೆ ಈ ದೇಶದಲ್ಲಿ ಸಿಗುವ ಕಲಿಕೆ ಎಷ್ಟು? ಪರೀಕ್ಷೆಗೆ ಮುಂಚೆ ನೋಂದಾಯಿತ ಶಾಲೆಯಲ್ಲಿ ಕಲಿಯಲೇಬೇಕೆಂಬ ಕೇಂದ್ರ ಸರ್ಕಾರದ ನಿಯಮ ಬಂದದ್ದೇ 2022ರ ಫೆಬ್ರವರಿಯಲ್ಲಿ. ಅದೂ ಇಂತಿಷ್ಟು ಗಂಟೆ ಕಲಿಸಬೇಕೆಂದು ಕನಿಷ್ಠ ಮಿತಿ ಇಟ್ಟಿಲ್ಲ. ಅಷ್ಟರಲ್ಲಿ ಕಲಿತವನು ಮೊದಲ ಚಳಿಗಾಲದಲ್ಲಿ ಎಡವಿದರೆ ಹೊರೆಯೆಲ್ಲ ಅವನೊಬ್ಬನದೇ ಎನ್ನುವುದು ನ್ಯಾಯವೂ ಅಲ್ಲ.

ಆದರೆ ಅರ್ಜಿಯಲ್ಲಿ ಏನು ಕೇಳುತ್ತಾರೆಂದು ನಾವು ಯಾರೂ ಓದಿರಲಿಲ್ಲ. ಕಳೆದ 3 ವರ್ಷಗಳ ಎಲ್ಲ ಕೆಲಸ, ಅದಕ್ಕೂ ಹಿಂದಿನ 7 ವರ್ಷಗಳಲ್ಲಿ ಇಂಥ ವಾಹನ ಓಡಿಸಿದ ಕೆಲಸ, 3 ವರ್ಷಗಳಲ್ಲಿ ಆದ ಎಲ್ಲ ವಾಹನ ಅಪಘಾತಗಳನ್ನು ಬರೆಯಬೇಕು. ಬರೆದುದೆಲ್ಲ ಸತ್ಯ ಮತ್ತು ಪೂರ್ಣ ಎಂದು ಸಹಿ ಹಾಕಬೇಕು. ಹೊಸ ಕಂಪನಿ ಹಳೆಯ ಕಂಪನಿಯನ್ನು ವಿಚಾರಿಸಲೇಬೇಕು, ಅವರು 30 ದಿನದೊಳಗೆ ಉತ್ತರ ಕೊಡಬೇಕು. ಹುಡುಗ ಇದನ್ನೆಲ್ಲ ಓದಿದ್ದ. ಇನ್ನೊಂದನ್ನೂ ಓದಿದ್ದ: ಕಾನೂನಿನ ವ್ಯಾಖ್ಯೆಯಲ್ಲಿ ಅಪಘಾತವೆಂದರೆ ಸಾವು, ಸ್ಥಳದಿಂದ ಒಯ್ದು ತಕ್ಷಣ ಚಿಕಿತ್ಸೆ ಕೊಡಬೇಕಾದ ಗಾಯ, ಇಲ್ಲವೇ ವಾಹನವನ್ನು ಎಳೆದೊಯ್ಯಬೇಕಾದಷ್ಟು ಹಾನಿ. ಅವನದು ಈ ಮೂರೂ ಅಲ್ಲ. "ಹಾಗಾದರೆ ಅಪಘಾತ ಇಲ್ಲ ಅಂತ ಬರೆದರೆ ಸುಳ್ಳಾಗುತ್ತದೆಯೇ ಅಂಕಲ್?" ಎಂದು ಕೇಳಿದ.

ನಮಗೆ ತಟ್ಟನೆ ನೆನಪಾದವನು ಧರ್ಮರಾಯ. ಅಶ್ವತ್ಥಾಮನ ಸಾವಿನ ಮಾತನ್ನು ದೊಡ್ಡ ದನಿಯಲ್ಲಿ ಹೇಳಿ, ಸತ್ತದ್ದು ಆನೆ ಎಂಬುದನ್ನು ಸಣ್ಣ ದನಿಯಲ್ಲಿ ಸೇರಿಸಿದವನು. ಅವನ ಮಾತಿನಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂದು ವಾದಿಸಬಹುದು. ಆದರೂ ಅದುವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಅಂದು ನೆಲಕ್ಕಿಳಿಯಿತು. ವ್ಯಾಖ್ಯೆಯ ಮರೆಯಲ್ಲಿ ನಿಂತು ಹೇಳುವ ಮಾತು ಸುಳ್ಳೋ ಅಲ್ಲವೋ ಎನ್ನುವುದಕ್ಕಿಂತ, ಕೇಳಿದವನು ಏನನ್ನು ನಂಬಲಿ ಎಂದು ನಾವು ಆಡಿದೆವು ಎನ್ನುವುದೇ ಪ್ರಶ್ನೆ.

ಇದನ್ನು ಹುಡುಗನಿಗೆ ಹೇಳುವ ಯೋಗ್ಯತೆ ನಮಗಿತ್ತೇ? 2001ರಲ್ಲಿ ಡಾಟ್‌ಕಾಂ ಕುಸಿದು ಕೆಲಸ ಹೋದಾಗ ನಮ್ಮಲ್ಲಿ ಕೆಲವರು ರೆಸ್ಯೂಮೆಗೆ ಇಲ್ಲದ ಎರಡು ವರ್ಷ ಸೇರಿಸಿದ್ದು ನಿಜ. ವೀಸಾ, ಬಾಡಿಗೆ, ಕೈಗೂಸು, ಎಲ್ಲ ಕಾರಣಗಳೂ ಇದ್ದವು. ಯಾರಿಗೂ ತೊಂದರೆಯಾಗಲಿಲ್ಲ ಎಂದು ನಮಗೆ ನಾವೇ ಹೇಳಿಕೊಂಡೆವು. ಆ ಕೆಲಸ ನಿಜವಾಗಿ ಯಾರಿಗೆ ಸಿಗಬೇಕಿತ್ತೋ ಅವರ ಮುಖ ನಾವು ನೋಡಲಿಲ್ಲ, ಅಷ್ಟೇ.

ಹುಡುಗ ನೋಡಿದ್ದ. ಆ ರಾತ್ರಿ ಸೀಳಿದ ಹುಡ್ಡಿನ ಹಿಂದಿನಿಂದ, ಬನಿಯನ್ನಿನಲ್ಲೇ, ನಡುಗುತ್ತಾ ಇಳಿದು ಬಂದ ಮನುಷ್ಯನನ್ನು. ಹಿಂದಕ್ಕೆ ತೆಗೆಯುವ ಮೊದಲು ಇಳಿದು ನೋಡು ಎನ್ನುವುದು ಟ್ರಕ್ ಶಾಲೆಯ ಮೊದಲ ಪಾಠಗಳಲ್ಲೊಂದು. ಮಳೆಯೆಂದು ಅವನು ಇಳಿಯಲಿಲ್ಲ. ಮಳೆಯಿತ್ತು, ಕತ್ತಲಿತ್ತು, ಜಾಗ ಇಕ್ಕಟ್ಟಾಗಿತ್ತು ಎನ್ನುವುದೆಲ್ಲ ನಿಜ. ಇಳಿಯಲಿಲ್ಲ ಎನ್ನುವುದೂ ನಿಜ. ಮುಚ್ಚಿಟ್ಟರೆ ಹೊಸ ಕಂಪನಿ ಅವನನ್ನು ಬೇಗನೆ ಒಬ್ಬನನ್ನೇ ರಾತ್ರಿ ಪಾಳಿಗೆ ಕಳಿಸುತ್ತಿತ್ತು. ಪಕ್ಕದಲ್ಲಿ ಮಲಗಿರುವ ಇನ್ನೊಬ್ಬನಿಗೆ ಅದು ಗೊತ್ತೇ ಇರುತ್ತಿರಲಿಲ್ಲ. ಹರಿಶ್ಚಂದ್ರನ ಸತ್ಯಕ್ಕೆ ದೇವತೆಗಳು ಸಾಕ್ಷಿಯಾದರು. ಈ ಸತ್ಯ ಬೇಕಾಗಿರುವುದು ಆ ನಿದ್ದೆಯಲ್ಲಿರುವವನಿಗೆ.

ಅವನು ಎಲ್ಲವನ್ನೂ ಬರೆದ. ತನ್ನ ಬಗ್ಗೆ ಹಳೆಯ ಕಂಪನಿ ಕಳಿಸುವ ಮಾಹಿತಿಯನ್ನು ನೋಡುವ, ತಪ್ಪಿದ್ದರೆ ತಿದ್ದಿಸುವ, ತನ್ನ ಉತ್ತರವನ್ನೂ ಜೊತೆಗೆ ಸೇರಿಸುವ ಹಕ್ಕು ಚಾಲಕನಿಗಿದೆ. ಅವನು ಅದನ್ನು ತರಿಸಿ ನೋಡಿದ. ತಿದ್ದುವಂಥದ್ದು ಏನೂ ಇರಲಿಲ್ಲ.

ಸತ್ಯಕ್ಕೆ ತಕ್ಷಣ ಫಲ ಸಿಕ್ಕಿತು ಎಂದು ಬರೆಯಲು ನಮಗೂ ಆಸೆ. ಹಾಗಾಗಲಿಲ್ಲ. ಮೊದಲ ಐದು ಕಂಪನಿಗಳು ಬೇಡವೆಂದವು. ಕೆಲವು ಕಡೆ ವಿಮೆಯವರು ಒಪ್ಪುವುದಿಲ್ಲ ಎಂದರು. ಅವರನ್ನು ಬೈಯುವುದೂ ಸುಲಭವಲ್ಲ. ನಮ್ಮ ಮಕ್ಕಳು ಕಾಲೇಜಿನಿಂದ ಮನೆಗೆ ಬರುವ ಹೆದ್ದಾರಿಯೇ ಅದು. ಆದರೆ ಎಲ್ಲರೂ ಹಾಗೆಯೇ ಬಾಗಿಲು ಮುಚ್ಚಿದರೆ, ಮುಂದಿನ ಹುಡುಗನಿಗೆ ಸುಳ್ಳು ಹೇಳಲು ಕಲಿಸಿದಂತಾಗುವುದಿಲ್ಲವೇ? ಇದಕ್ಕೆ ನಮ್ಮಲ್ಲಿ ಸಿದ್ಧ ಉತ್ತರವಿಲ್ಲ.

ಆರನೆಯದು ಒಂದು ಸಣ್ಣ ಕಂಪನಿ. ಹಗಲಿನ ಓಟ, ರಾತ್ರಿ ಮನೆಗೆ, ಸಂಬಳ ಮೊದಲಿಗಿಂತ ಕಡಿಮೆ. ಅಲ್ಲಿನ ಮೇಲ್ವಿಚಾರಕ ಅರ್ಜಿ ಓದಿ ಕೇಳಿದ್ದು ಒಂದೇ ಪ್ರಶ್ನೆ: "ಯಾಕೆ ಇಳಿಯಲಿಲ್ಲ?" ಸೋಮಾರಿತನ ಎಂದನಂತೆ ಹುಡುಗ. ಆಮೇಲೆ ಒಬ್ಬ ಹಳೆಯ ಚಾಲಕನ ಜೊತೆ ಆರು ವಾರ ಹಾಕಿದರು. ಬಹುಪಾಲು ದಿನ ಖಾಲಿ ಯಾರ್ಡಿನಲ್ಲಿ ಹಿಂದಕ್ಕೆ ತೆಗೆಯುವುದೊಂದನ್ನೇ ಮಾಡಿಸಿದರಂತೆ.