ಗಣಿಯ ಸ್ಫೋಟ ಮತ್ತು ಅಪ್ರಮಾದ

ಭೂಗತ ಗಣಿಗಾರಿಕೆ ಹಿಂಸೆಯೇ ಎಂಬ ಪ್ರಶ್ನೆಗೆ ಜೈನ ಚಿಂತನೆಯಲ್ಲಿ ನೇರ ಉತ್ತರವಿದೆ. ಅದರ ಪ್ರಕಾರ ಮಣ್ಣು, ಕಲ್ಲುಗಳೂ ಪೃಥ್ವೀಕಾಯ ಜೀವಗಳ ಶರೀರ. ಶ್ರಾವಕನಿಗೆ, ಅಂದರೆ ಗೃಹಸ್ಥ ಜೈನನಿಗೆ, ಸಲ್ಲದ 15 ವೃತ್ತಿಗಳಲ್ಲಿ ಶ್ವೇತಾಂಬರ ಪರಂಪರೆ ನೆಲವನ್ನು ಅಗೆದು ಒಡೆಯುವ ಸ್ಫೋಟಕರ್ಮವನ್ನೂ ಸೇರಿಸಿದೆ. ಆದರೆ ಸಂಸಾರಸ್ಥ ಹಿಂಸೆಯನ್ನು ಪೂರ್ತಿ ತೊರೆಯಲಾರ. ಆದ್ದರಿಂದಲೇ ಬೇಕೆಂದು ಮಾಡುವ ಸಂಕಲ್ಪೀ ಹಿಂಸೆ ಬೇರೆ, ಜೀವನೋಪಾಯದಲ್ಲಿ ಒದಗುವ ಉದ್ಯೋಗೀ ಹಿಂಸೆ ಬೇರೆ. ತತ್ತ್ವಾರ್ಥಸೂತ್ರ ಹಿಂಸೆಯ ಬೇರನ್ನು ಪ್ರಮಾದದಲ್ಲಿ, ಅಂದರೆ ಎಚ್ಚರಗೇಡಿತನದಲ್ಲಿ ಕಾಣುತ್ತದೆ.

ಗಣಿಯೊಳಗೆ ಈ ಎಚ್ಚರಕ್ಕೆ ನಿರ್ದಿಷ್ಟ ರೂಪಗಳಿವೆ. ಕುಳಿಗಳಿಗೆ ತುಂಬಿದ ಮದ್ದನ್ನೆಲ್ಲ ಒಮ್ಮೆಗೇ ಸಿಡಿಸದೆ, ಡಿಲೇ ಡಿಟೋನೇಟರುಗಳಿಂದ ಮಿಲಿಸೆಕೆಂಡುಗಳ ಅಂತರದಲ್ಲಿ ಸಿಡಿಸಿದರೆ ನೆಲದ ಕಂಪನ ತಗ್ಗುತ್ತದೆ. ಕಾರ್ಬನ್ ಮಾನಾಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್‌ಗಳಿರುವ ಹೊಗೆ ತೆರವಾಗುವವರೆಗೆ ಯಾರೂ ಒಳಗೆ ಹೋಗುವಂತಿಲ್ಲ. ಆಮೇಲೆ ಅನುಭವಿ ಕೆಲಸಗಾರ ಹಾರೆಯಿಂದ ಮೇಲ್ಚಾವಣಿಯನ್ನು ತಟ್ಟಿ ನೋಡುತ್ತಾನೆ. ಗಟ್ಟಿ ಬಂಡೆ ಠಣ್ಣೆನ್ನುತ್ತದೆ, ಸಡಿಲಾದದ್ದು ಟೊಳ್ಳು ಸದ್ದು ಮಾಡುತ್ತದೆ. ಸಡಿಲ ಬಂಡೆಯನ್ನು ಕೆಡವಿದ ಮೇಲೆಯೇ ಉಳಿದವರ ಸರದಿ.

ನೆರೆಯವರ ವಿಷಯದಲ್ಲಿ ಹೊಣೆ ಇನ್ನೂ ದೊಡ್ಡದು. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯಂತೆ, 8 ಹರ್ಟ್ಸ್‌ಗಿಂತ ಕಡಿಮೆ ಆವರ್ತನದ ಕಂಪನದ ವೇಗ ಗಣಿ ಮಾಲೀಕರ ಮನೆಗಳ ಬಳಿ ಸೆಕೆಂಡಿಗೆ 10 ಮಿಲಿಮೀಟರ್ ಮುಟ್ಟಬಹುದು. ಇತರರ ಮನೆಗಳ ಬಳಿ 5ನ್ನು, ಐತಿಹಾಸಿಕ ಕಟ್ಟಡಗಳ ಬಳಿ 2ನ್ನು ಮೀರಬಾರದು. ಲಾಭದಲ್ಲಿ ಪಾಲಿಲ್ಲದವರ ಮೇಲೆ ಅಪಾಯ ಹೇರಬಾರದೆಂಬ ನ್ಯಾಯ ಈ ಅಂಕಿಗಳಲ್ಲಿದೆ.

ಎಚ್ಚರಕ್ಕೂ ಮಿತಿಯುಂಟೆಂದು ಕೋಲಾರದ ಚಿನ್ನದ ಗಣಿಗಳು ತೋರಿಸಿವೆ. 3 ಕಿಲೋಮೀಟರಿಗೂ ಆಳಕ್ಕಿಳಿದ ಚಾಂಪಿಯನ್ ರೀಫ್ ಗಣಿಯಲ್ಲಿ ಒತ್ತಡ ತಾಳದ ಬಂಡೆ ತಾನಾಗಿಯೇ ಸಿಡಿಯುತ್ತಿತ್ತು. ಮೇಲಿನ ಊರೂ ನಡುಗುತ್ತಿತ್ತು. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಅಲ್ಲಿಯೇ ಹುಟ್ಟಿತು. ಗಣಿಗಳು 2001ರಲ್ಲಿ ಮುಚ್ಚಿದವು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನ ತೆಗೆಯುವ ಕೆಲಸ ಇಂದಿಗೂ ನಡೆದಿದೆ.

ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರರಲ್ಲೂ ಜೈನಧರ್ಮ ಹೊಣೆಯನ್ನು ಕಾಣುತ್ತದೆ. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಆಸುಪಾಸಿನಲ್ಲಿ ಮಗಳ ಮದುವೆಗೆ ಚಿನ್ನ ಕೊಳ್ಳುವ ಕನ್ನಡ ಕುಟುಂಬವೂ ಈ ಲೆಕ್ಕದಿಂದ ಹೊರಗಿಲ್ಲ. ಅಪ್ರಮಾದ, ಅಂದರೆ ಎಚ್ಚರ, ದೋಷವನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಅಪಾಯ ಮಿತಿ ಮೀರಿದೆಯೆಂದು ಮಾಪನಗಳು ತೋರಿಸಿದಾಗ ಕೆಲಸ ನಿಲ್ಲಿಸುವುದೇ ಅಪ್ರಮಾದ. ಚಿನ್ನದ ಬೆಲೆ ಅದಕ್ಕೆ ಅಡ್ಡ ಬರಬಾರದು.